ಮೂರನೇ ಕರೆಗೆ ಓಗೊಡುವವಳು

ಅವ್ವನಿಗೆ ಕಿವಿ ಕೇಳಿಸುತ್ತಿಲ್ಲವೋ, ಅಥವಾ ಕೇಳಿಸಿಯೂ ನಮ್ಮ ಮೇಲಿನ ಸಿಟ್ಟಿಗೆ ಬಾಯಿ ಬಿಡುತ್ತಿಲ್ಲವೋ ಎಂಬುದು ನಮ್ಮ ಮನೆಯಲ್ಲಿ ಬಹಳ ಕಾಲ ಇತ್ಯರ್ಥವಾಗದೆ ಉಳಿದಿದ್ದ ವ್ಯಾಜ್ಯ. ಮನೆ ಅಂದರೆ ಮೊಳಕಾಲ್ಮೂರಿನ ಹತ್ತಿರ ಸಿದ್ದಾಪುರದಲ್ಲಿ, ಬಂಡೆಗುಡ್ಡಕ್ಕೆ ಬೆನ್ನು ಕೊಟ್ಟು ನಿಂತಿರುವ ನನ್ನ ತವರು. ಅಲ್ಲಿ ಅವ್ವ, ತಮ್ಮ, ಅವನ ಹೆಂಡತಿ, ಅವರ ಒಬ್ಬಳೇ ಮಗಳು. ನಾನು ಚಳ್ಳಕೆರೆಯಲ್ಲಿ ಪ್ರೈಮರಿ ಶಾಲೆಯ ಟೀಚರು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ತವರಿಗೆ ಹೋಗಿ, ಎಲ್ಲರಿಗೂ ಒಂದಿಷ್ಟು ಬುದ್ಧಿ ಹೇಳಿ ಬರದಿದ್ದರೆ ನನಗೆ ಸೋಮವಾರ ಶುರುವಾಗುವುದೇ ಇಲ್ಲ.

ಕಿವುಡು ಅನ್ನುವುದು ತಮ್ಮನ ವಾದ. "ವಯಸ್ಸಾತು ಕಣಕ್ಕ, ಇನ್ನೇನ್ ಕೇಳ್ತೈತೆ" ಅಂದುಬಿಡುತ್ತಿದ್ದ. ಅವನು ಯಾವ ವಿಷಯಕ್ಕೂ ಎರಡು ಮಾತಿಗಿಂತ ಹೆಚ್ಚು ಖರ್ಚು ಮಾಡುವವನಲ್ಲ. ಅವನ ಹೆಂಡತಿ ರಾಯದುರ್ಗದ ಕಡೆಯವಳು. ನನ್ನನ್ನು ಅತ್ತಿಗೆ ಅನ್ನುವ ಬದಲು ತೆಲುಗಿನಲ್ಲಿ ವದಿನಾ ಅಂತಲೇ ಕರೆಯುತ್ತಾಳೆ, ಅವ್ವನನ್ನು ಅತ್ತಮ್ಮ ಅಂತ. ಅವಳಿಗೆ ಗಂಡನ ವಾದ ಒಪ್ಪಿಗೆಯಿರಲಿಲ್ಲ. "ಅದೇನ್ ಕಿವುಡು ವದಿನಾ? ಊಟಕ್ಕೆ ಬಾ ಅತ್ತಮ್ಮ ಅಂದ್ರೆ ಕೇಳಲ್ಲ. ಊರ ಮುಂದೆ ಬಸ್ಸು ತಿರುಗಿದ್ರೆ ನಮಗಿಂತ ಮೊದ್ಲು ಕೇಳ್ತೈತೆ. ಪಕ್ಕದ ಮನೆ ಎಮ್ಮೆ ಒದರಿದ್ರೆ, ಅದಕ್ಕೆ ನೀರು ಕುಡಿಸಿಲ್ಲ ನೋಡು ಅಂತಾಳೆ. ನಾನು ಎಮ್ಮೆಗಿಂತ ಕಡೆನಾ?"

ನಾನು ಈ ವಿಷಯದಲ್ಲಿ ತಮ್ಮನ ಹೆಂಡತಿಯ ಪಕ್ಷ. ಕಾರಣವೂ ಇತ್ತು. ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿದ್ದ ಎರಡು ಹಸುಗಳನ್ನು ನಾವು ಮಾರಿದ್ದೆವು. ಕರುವಾಗಿದ್ದಾಗಿನಿಂದ ಅವಳೇ ಸಾಕಿದ ಹಸುಗಳು. ಟೆಂಪೋಗೆ ಹತ್ತಿಸುವ ದಿನ ಅವಳು ಹೊರಗೇ ಬರಲಿಲ್ಲ, ಒಳಗೆ ಒಲೆ ಮುಂದೆ ಕೂತಿದ್ದಳು. ಅವಳ ಮೌನ ಶುರುವಾದದ್ದು ಅದಾದ ಮೇಲೆಯೇ ಎಂದು ನನ್ನ ಲೆಕ್ಕ. ಅಲ್ಲಿಯವರೆಗೆ ಅವ್ವ ಎಂಥ ಮಾತಿನ ಮಲ್ಲಿ ಎಂದರೆ, ದಾರಿಯಲ್ಲಿ ಹೋಗುವ ಸೀರೆ ಮಾರುವವನನ್ನು ಕೂರಿಸಿಕೊಂಡು, ಅವನ ಮನೆಯ ಪಂಚಾಯಿತಿಯನ್ನೆಲ್ಲ ಬಗೆಹರಿಸಿ, ಕೊನೆಗೆ ಸೀರೆ ಕೊಳ್ಳದೆ ಕಳಿಸುತ್ತಿದ್ದಳು. ಅಂಥವಳು ಸುಮ್ಮನಾದಳು. ನಾನು ಬಾಗಿಲಲ್ಲಿ ನಿಂತು "ಅವ್ವಾ" ಅಂದರೆ ತಿರುಗುತ್ತಿರಲಿಲ್ಲ. ಇನ್ನೊಮ್ಮೆ "ಅವ್ವಾ" ಅಂದರೂ ಇಲ್ಲ. ನನಗೋ ಮೂಗಿನ ತುದಿಯಲ್ಲಿ ಸಿಟ್ಟು. ಬ್ಯಾಗು ಬಿಸಾಕಿ ಅವಳ ಮುಂದೆ ಹೋಗಿ ನಿಂತರೆ, ಮುಖ ಅರಳಿಸಿ, "ಯಾವಾಗ್ ಬಂದ್ಯೇ?" ಅನ್ನುತ್ತಿದ್ದಳು. ಆ ನಗುವನ್ನು ನೋಡಿದಾಗ ಮಾತ್ರ ನನ್ನ ಲೆಕ್ಕ ತಪ್ಪುತ್ತಿತ್ತು. ಸಿಟ್ಟಾದವರು ಹಾಗೆ ನಗುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ತಮ್ಮನ ಮಗಳು ಬಾಚಣಿಗೆ, ರಿಬ್ಬನ್ನು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. ಒಂದನೇ ಕ್ಲಾಸಿನ ಹುಡುಗಿ. ಅವಳ ಜಡೆ ಹೆಣೆಯುವುದು ಯಾವತ್ತಿಂದಲೂ ಅವ್ವನ ಕೆಲಸ. ಅವ್ವ ಹಿತ್ತಲಲ್ಲಿ ಬೆನ್ನು ಮಾಡಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗು "ಅಜ್ಜೀ" ಅಂದಿತು. ಸ್ವಲ್ಪ ಕಾಯಿತು. ಮತ್ತೆ "ಅಜ್ಜೀ" ಅಂದಿತು. ಆಮೇಲೆ ಒಂದಿಷ್ಟೂ ಬೇಜಾರಿಲ್ಲದೆ, ಅಂಗಡಿ ಮುಚ್ಚಿದೆ ಎಂದು ತಿರುಗಿ ಬರುವವರ ಹಾಗೆ, ಅವರಮ್ಮನ ಹತ್ತಿರ ಹೋಗಿ ಕೂತಿತು. "ಅಜ್ಜಿ ಮಾತಾಡಲ್ಲ ಅತ್ತೆ" ಎಂದು ನನಗೂ ಹೇಳಿತು. ಅವ್ವ ನಮ್ಮ ಮೇಲೆ ಸಿಟ್ಟಾಗಿರಲಿ, ಕಿವುಡಿಯಾಗಿರಲಿ, ಈ ಮನೆಯಲ್ಲಿ ಅವಳನ್ನು ಕರೆಯುವುದನ್ನೇ ಎಲ್ಲರೂ ಒಬ್ಬೊಬ್ಬರಾಗಿ ಬಿಡುತ್ತಿದ್ದರು. ಇದನ್ನು ಹೀಗೇ ಬಿಟ್ಟರೆ ಅವಳು ಇದ್ದೂ ಇಲ್ಲದವಳಾಗುತ್ತಾಳೆ ಎಂದು ನನಗೆ ಅವತ್ತು ಹೆದರಿಕೆಯಾಯಿತು. ಯಾವುದು ನಿಜ ಎಂದು ತಿಳಿದೇಬಿಡೋಣ ಎಂದು ಚಳ್ಳಕೆರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕಡೆ ಮಾತಾಡಿ ದಿನ ಗೊತ್ತು ಮಾಡಿದೆ.

"ಪರೀಕ್ಷೆನಾ?" ಅಂದಳು ಅವ್ವ, ನಾನು ಅವಳ ಮುಖಕ್ಕೆ ಮುಖ ಕೊಟ್ಟು ಹೇಳಿದಾಗ. "ಸಣ್ಣೋಳಿದ್ದಾಗ ಸ್ಕೂಲಿಗೇ ಕಳಿಸ್ಲಿಲ್ಲ ನಮ್ಮಪ್ಪ. ಈಗ್ಯಾವ ಪರೀಕ್ಷೆ ಬರಿಯಾನೆ?"

"ಬರಿಯೋದಲ್ಲವ್ವ, ಕೇಳಿಸ್ಕೊಳ್ಳೋದು."

"ಕೇಳಿಸ್ಕಂಡ್ರೆ ಪಾಸಾ?"

"ಹೂಂ."

"ಹಂಗಾದ್ರೆ ಬರ್ತೀನಿ" ಎಂದು ಟ್ರಂಕಿನಿಂದ ನೇರಳೆ ಬಣ್ಣದ ಸೀರೆ ತೆಗೆದಳು. ಮದುವೆಗೆ ಹೊರಟವಳಂತೆ ತಯಾರಾದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಶೇಂಗಾ ಹೊಲಗಳನ್ನು ನೋಡಿ, ಇದು ಕಾಯಿ ಕಟ್ಟಿಲ್ಲ, ಇದು ಚೆನ್ನಾಗಿ ಕಟ್ಟೈತೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ನಾನು ಏನಾದರೂ ಅಂದರೆ ಉತ್ತರವಿಲ್ಲ. ನಡುದಾರಿಯ ತಳಕು ಊರು ದಾಟುವ ಹೊತ್ತಿಗೆ ನಾನೂ ಸುಮ್ಮನಾದೆ.

ಚಳ್ಳಕೆರೆಯ ಆ ಕೇಂದ್ರ ಮುಖ್ಯರಸ್ತೆಯಲ್ಲೇ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ಆಟೋದವರ ಕೂಗು, ಹಣ್ಣಿನ ಗಾಡಿಯವನ "ಆವೋ ಆವೋ", ಎಣ್ಣೆ ಮಿಲ್ಲುಗಳಿಂದ ಬರುವ ಹಿಂಡಿಯ ವಾಸನೆ. ಮೇಲೆ ಒಂದು ಹೆಣ್ಣುಮಗಳು, ಕಿವಿಯ ವಿದ್ಯೆ ಕಲಿತು ಬಂದವಳು. ವಯಸ್ಸು ಮೂವತ್ತರ ಆಚೀಚೆ. ಅವ್ವನನ್ನು ಕೂರಿಸಿ, ಪೆನ್ನಿನಂಥ ಒಂದು ಸಾಧನವನ್ನು ಕಿವಿಯ ಬಾಯಿಗೆ ಹಿಡಿದು ಬೆಳಕು ಬಿಟ್ಟಳು. ಗೋಡೆಯ ಮೇಲಿನ ಟಿ.ವಿ. ಪರದೆಯಲ್ಲಿ ಅವ್ವನ ಕಿವಿಯ ಒಳಗು ಕಾಣಿಸಿತು.

ನಾನು ಬಾಯಿ ತೆರೆದು ನೋಡಿದೆ. ಕೆಂಪನೆಯ ಒಂದು ಸಣ್ಣ ಗುಹೆ, ಅದರ ಕೊನೆಯಲ್ಲಿ ಈರುಳ್ಳಿಯ ಒಳಪದರದಷ್ಟು ತೆಳ್ಳಗಿನ ಬೂದು ಬಿಳಿಯ ಪೊರೆ. ಬೆಳಕು ಬಿದ್ದಲ್ಲಿ ಅದು ಮಿಂಚುತ್ತಿತ್ತು. "ಇದೇ ಮೇಡಂ ಕಿವಿ ತಮಟೆ. ಚೆನ್ನಾಗೇ ಇದೆ. ತೂತಿಲ್ಲ, ಏನಿಲ್ಲ" ಅಂದಳು. ಶಾಲೆಯಲ್ಲಿ ಇದರ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಹಳದಿ ಚಾಕ್‌ಪೀಸಿನಲ್ಲಿ ಭಾಗಗಳನ್ನು ಗುರುತಿಸಿ, ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದ್ದೆ. ಆದರೆ ಇದು ನನ್ನ ಅವ್ವನ ಕಿವಿ. ನಾನು ಹುಟ್ಟಿದಾಗ ಅತ್ತ ಮೊದಲ ಅಳು ಹೋಗಿ ತಾಗಿದ್ದು ಇದೇ ಪೊರೆಗೆ. ತೀರಿಕೊಂಡ ಅಪ್ಪನ ದನಿ, ಬಂಡೆಗಳ ಮೇಲೆ ಸುರಿದ ಮಳೆ, ಮಾರಿದ ಹಸುಗಳ ಅಂಬಾ, ಎಲ್ಲವೂ ಬೆರಳ ಉಗುರಿಗಿಂತ ಚಿಕ್ಕದಾದ ಈ ಜಾಗದಲ್ಲೇ ಬಿದ್ದು ಒಳಗೆ ಹೋಗಿವೆ. ನನಗೆ ಆ ಪರದೆಗೆ ಕೈ ಮುಗಿಯಬೇಕು ಅನ್ನಿಸಿತು. ಅವ್ವ ಮಾತ್ರ ತನ್ನ ಕಿವಿಯನ್ನು ತಾನೇ ನೋಡಿ, "ಇಷ್ಟು ದಿನ ತೊಳ್ದಿದ್ದು ಸಾಲ್ದೇನೋ" ಎಂದು ನಾಚಿಕೊಂಡಳು.

ಆಮೇಲೆ ಪರೀಕ್ಷೆಯ ಕೋಣೆ. ಕೋಣೆಯೊಳಗೇ ಇನ್ನೊಂದು ಕೋಣೆ. ದಪ್ಪ ಬಾಗಿಲು, ಒಳಗೆಲ್ಲ ಸ್ಪಂಜಿನ ಗೋಡೆ, ಒಂದು ಮಂಕು ದೀಪ, ಒಂದು ಕುರ್ಚಿ, ಪಕ್ಕಕ್ಕೆ ಸಣ್ಣ ಗಾಜಿನ ಕಿಟಕಿ. ಅವ್ವ ಹೊಸ್ತಿಲಲ್ಲೇ ನಿಂತಳು. "ಬಾಗ್ಲು ಹಾಕ್ತಾರಾ? ನೀನು ಹೋಗು ಮೊದ್ಲು" ಅಂದಳು. ಆ ಹೆಣ್ಣುಮಗಳು ನಕ್ಕು, "ಹೋಗಿ ಮೇಡಂ, ನೀವೂ ಒಂದು ಸಲ ನೋಡಿ" ಎಂದು ನನ್ನನ್ನು ಕೂರಿಸಿ, ಹೆಡ್‌ಫೋನು ಹಾಕಿ, ಬಾಗಿಲು ಮುಚ್ಚಿದಳು.

ಸದ್ದು ನಿಂತಿತು ಎಂದರೆ ಸಾಲದು. ಸದ್ದು ಎಂಬುದನ್ನು ಯಾರೋ ಬೇರುಸಮೇತ ಕಿತ್ತುಕೊಂಡು ಹೋದರು. ಅಲ್ಲಿಯವರೆಗೆ ನನಗೆ ಕೇಳಿಸುತ್ತಿದೆ ಎಂದೇ ಗೊತ್ತಿಲ್ಲದಿದ್ದ ಎಷ್ಟೋ ಸದ್ದುಗಳು, ಫ್ಯಾನಿನದು, ರಸ್ತೆಯದು, ಮಿಲ್ಲಿನದು, ಒಟ್ಟಿಗೆ ಇಲ್ಲವಾದವು. ನಾನು ಮಕ್ಕಳ ಗಲಾಟೆಯ ನಡುವೆಯೇ ಬದುಕುವವಳು. ಮನೆಗೆ ಬಂದರೆ ಟಿ.ವಿ., ಕುಕ್ಕರು. ಸಿದ್ದಾಪುರದಲ್ಲೂ ರಾತ್ರಿ ಹುಳುಗಳ ಸದ್ದಿರುತ್ತದೆ. ಇಂಥ ಏನೂ ಇಲ್ಲದ ಜಾಗಕ್ಕೆ ನಾನು ಯಾವತ್ತೂ ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಉಸಿರು ಕೇಳಿಸಿತು. ಉಗುಳು ನುಂಗಿದ್ದು ಕೇಳಿಸಿತು. ಆಮೇಲೆ ಎಲ್ಲೋ ಒಳಗೆ ದುಬ್, ದುಬ್ ಎಂಬ ಮೆತ್ತನೆಯ ಸದ್ದು. ಪಕ್ಕದ ಕಟ್ಟಡದಲ್ಲಿ ಏನೋ ಕುಟ್ಟುತ್ತಿದ್ದಾರೆ ಎಂದುಕೊಂಡೆ. ಅದು ನನ್ನ ಎದೆ ಎಂದು ಗೊತ್ತಾದಾಗ ಮೈ ಜುಮ್ಮೆಂದಿತು. ಯಾರ ಅಪ್ಪಣೆಯೂ ಇಲ್ಲದೆ, ನನ್ನ ಸಿಟ್ಟು ಸೆಡವು ಯಾವುದಕ್ಕೂ ಕಿವಿಗೊಡದೆ, ಇಷ್ಟು ವರ್ಷ ಇದು ಹೀಗೇ ಕೆಲಸ ಮಾಡುತ್ತಿತ್ತಲ್ಲ!

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಒಂದು ಸದ್ದು ಬಂತು. ಸದ್ದು ಅನ್ನಲೂ ಆಗದಷ್ಟು ಸಣ್ಣದು. ಬಂತೋ, ಬಂದಿತೆಂದು ನಾನೇ ಅಂದುಕೊಂಡೆನೋ ಗೊತ್ತಾಗಲಿಲ್ಲ. ಮತ್ತೆ ಬಂತು, ಇನ್ನೂ ಸಣ್ಣದಾಗಿ. ಅದರ ಹಿಂದೆಯೇ ನಾನು ಹೋದೆ. ಅಷ್ಟು ಗಮನವಿಟ್ಟು ನನ್ನ ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿರಲಿಲ್ಲ. ಬಾಗಿಲು ತೆಗೆದಾಗ ನನ್ನ ಕಣ್ಣು ತುಂಬಿತ್ತು. ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ.

ಅವ್ವ ನನ್ನ ಕಣ್ಣು ನೋಡಿ, "ನೋವಾಗ್ತೈತಾ?" ಅಂದಳು. ಇಲ್ಲವೆಂದು ತಲೆಯಾಡಿಸಿದೆ. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಕಿಟಕಿಯ ಕಡೆ ನೋಡಿ ಯಂತ್ರದ ಗುಟ್ಟು ತಿಳಿಯಬಾರದೆಂದು ಆ ಹೆಣ್ಣುಮಗಳು ಅವಳನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದಳು. ಕೈಗೆ ಒಂದು ಬಟನ್ ಕೊಟ್ಟು, "ಅಜ್ಜಿ, ಎಷ್ಟೇ ಸಣ್ಣ ಸದ್ದು ಕೇಳಿಸಿದ್ರೂ ಇದನ್ನ ಒತ್ತಿ" ಎಂದು ಎರಡು ಸಲ ಹೇಳಿದಳು. ಅವ್ವ ಒತ್ತಿ ತೋರಿಸಿದಳು. ಬಾಗಿಲು ಮುಚ್ಚಿತು. ನಾನು ಹೊರಗೆ ಆ ಹೆಣ್ಣುಮಗಳ ಪಕ್ಕದಲ್ಲಿ ಕೂತೆ. ಅವಳು ಗುಂಡಿ ತಿರುಗಿಸಿ ಒಳಗೆ ಸದ್ದು ಕಳಿಸುತ್ತಿದ್ದಳು. ಅವ್ವ ಬಟನ್ ಒತ್ತಿದರೆ ಯಂತ್ರದ ಮೇಲೆ ಒಂದು ಹಸಿರು ದೀಪ ಹತ್ತುತ್ತದೆ.

ದೀಪ ಹತ್ತಲಿಲ್ಲ. ಅವಳು ಸದ್ದು ಏರಿಸಿದಳು. ಹತ್ತಲಿಲ್ಲ. ಮತ್ತೆ ಏರಿಸಿದಳು. ಆಗ ಹತ್ತಿತು. ಬೇರೆ ಥರದ ಸದ್ದು ಕಳಿಸಿದಳು. ಮತ್ತೆ ಅದೇ ಕಥೆ. ನಾನು ಮಾತ್ರ ಗಾಜಿನಲ್ಲಿ ಅವ್ವನ ಅರ್ಧ ಮುಖ ನೋಡುತ್ತಿದ್ದೆ. ಮೊದಲ ಸದ್ದು ಹೋದಾಗಲೇ ಅವಳ ಹುಬ್ಬು ಏಳುತ್ತಿತ್ತು. ಕತ್ತು ಒಂಚೂರು ವಾಲುತ್ತಿತ್ತು. ಹೆಬ್ಬೆರಳು ಬಟನ್ನಿನ ಮೇಲೆ ಬರುತ್ತಿತ್ತು. ಆದರೆ ಒತ್ತುತ್ತಿರಲಿಲ್ಲ.

ಆಮೇಲೆ ಮಾತಿನ ಪರೀಕ್ಷೆ. ಆ ಹೆಣ್ಣುಮಗಳು ಬಾಯಿಗೆ ರಟ್ಟು ಅಡ್ಡ ಹಿಡಿದು ಮೈಕಿನಲ್ಲಿ ಒಂದೊಂದೇ ಪದ ಹೇಳುವುದು, ಅವ್ವ ಅದನ್ನೇ ತಿರುಗಿ ಹೇಳುವುದು. ಮನೆ, ಎಮ್ಮೆ, ಬಾಳೆ. ಅವ್ವ ಪಟಪಟನೆ ಹೇಳಿದಳು. ಬಾಳೆ ಅಂದಾಗ "ಎಲೆನಾ, ಹಣ್ಣಾ?" ಎಂದು ಕೇಳಿದಳು. ದನಿ ಬಹಳ ಇಳಿಸಿದಾಗ ಮಾತ್ರ ತಡವರಿಸಿದಳು.

ಆ ಹೆಣ್ಣುಮಗಳು ಹಣೆ ಸುಕ್ಕು ಮಾಡಿದಳು. "ಮೇಡಂ, ಎರಡೂ ತಾಳೆ ಆಗ್ತಿಲ್ಲ. ಮಾತು ಇಷ್ಟು ಸಣ್ಣಗೆ ಹೇಳಿದ್ರೂ ಹಿಡೀತಾರೆ. ಬರೀ ಸದ್ದು ಅದಕ್ಕಿಂತ ಜೋರಾಗಿ ಕಳಿಸಿದ್ರೂ ಒತ್ತಲ್ಲ." ಮೆಲ್ಲಗೆ ಸೇರಿಸಿದಳು: "ಕೆಲವ್ರು ಮನೆಯೋರ ಮೇಲೆ ಬೇಜಾರಿದ್ರೆ, ಕೇಳಿಸಿದ್ರೂ ಒತ್ತಲ್ಲ. ಅಜ್ಜಿ ಹಂಗಂತ ನಾನು ಹೇಳ್ತಿಲ್ಲ."

ಹಾಗಾದರೆ ನಾನು ಹೆದರಿದ್ದೇ ನಿಜ. ಕೇಳಿಸುತ್ತದೆ, ಓಗೊಡುವುದಿಲ್ಲ. ಹಸು ಮಾರಿದ್ದಕ್ಕೆ ನಮ್ಮನ್ನೆಲ್ಲ ಮನಸ್ಸಿನಿಂದ ಆಚೆ ಹಾಕಿ ಕೂತಿದ್ದಾಳೆ. ಕಿವಿಯಾದರೆ ಮಿಷನ್ ಇದೆ, ಇದಕ್ಕೆ ಏನಿದೆ? ಅಳು, ಸಿಟ್ಟು ಒಟ್ಟಿಗೆ ಬಂದವು. ಬಾಗಿಲು ಎಳೆದು ಒಳಗೆ ನುಗ್ಗಿ, ಹೆಡ್‌ಫೋನು ತೆಗೆದು, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತೆ.

"ಅವ್ವಾ, ಸದ್ದು ಕೇಳಿಸ್ತಾ?"

"ಹೂಂ, ಕೇಳಿಸ್ತು."

"ಮೊದ್ಲ ಸಲಾನೇ ಕೇಳಿಸ್ತಾ?"

"ಕೇಳಿಸ್ದಂಗಾತು. ಕುಯ್ ಅಂತು."

"ಮತ್ಯಾಕ್ ಒತ್ತಲಿಲ್ಲ?"

ಅವ್ವ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಒಂದೇ ಕರೆಗೆ ಓ ಅನ್ನಕಾಗ್ತೈತೇನೇ? ಮಬ್ಬುಗತ್ತಲು. ಬಾಗ್ಲು ಹಾಕೈತೆ. ಬೆನ್ನ ಹಿಂದಿಂದ ಕರಿತೈತೆ. ಮುಖ ಇಲ್ಲ, ಹೆಸರಿಲ್ಲ. ಯಾರು ಅಂತ ನಂಬ್ಕಂಡು ಓ ಅನ್ಲಿ? ಮೂರ್ನೇ ಸಲ ಕರೀಲಿ ಅಂತ ಕಾದೆ."

ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಗಳಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಕುಕ್ಕರುಗಾಲಲ್ಲಿ ಕೂತವಳು ಹಾಗೇ ನೆಲಕ್ಕೆ ಕೂತುಬಿಟ್ಟೆ.

ನಮ್ಮೂರಿನ ಬಂಡೆಗಳಿಗೆ ಒಂದು ಚಾಳಿ. ಕೂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ಹಾಗೇ ವಾಪಸ್ ಕೊಡುತ್ತವೆ. ಸಂಜೆ ಕಪ್ಪಾಗುವ ಹೊತ್ತಿಗೆ ಗುಡ್ಡದ ಕಡೆ ಹೋದವರನ್ನು ಯಾರಾದರೂ ಕರೆದರೆ, ಕರೆದದ್ದು ಯಾವ ಕಡೆಯಿಂದ, ಕರೆದವರು ಯಾರು ಎಂದು ಹೇಳಲಾಗುವುದಿಲ್ಲ. ಅದಕ್ಕೆ ಹಿರಿಯರು ಮಾಡಿದ ಕಟ್ಟಳೆ, ಮುಖ ಕಾಣದ ಕರೆಗೆ ಮೂರನೇ ಸಲಕ್ಕೇ ಓ ಅನ್ನಬೇಕು. ಮೊದಲ ಕರೆ ಗುಡ್ಡದ್ದಿರಬಹುದು. ಎರಡನೆಯದು ಹೆಸರು ಹೇಳಬಾರದ ಇನ್ನೊಂದರದ್ದಿರಬಹುದು. ಅದು ನಮ್ಮವರ ದನಿಯಲ್ಲೇ ಕರೆಯುತ್ತದಂತೆ, ಓ ಅಂದವರನ್ನು ಕರೆದುಕೊಂಡು ಹೋಗುತ್ತದಂತೆ, ಆದರೆ ಮೂರನೇ ಸಲ ಕರೆಯಲು ಅದಕ್ಕೆ ಬರುವುದಿಲ್ಲವಂತೆ. ನಾವು ಮಕ್ಕಳಾಗಿದ್ದಾಗ ಹೊಲದಲ್ಲಿದ್ದ ಅವ್ವನನ್ನು ಹಿತ್ತಲಿಂದ ಮೂರು ಸಲ ಕೂಗಿಯೇ ಅವಳ "ಓ"ಗೆ ಕಾಯುತ್ತಿದ್ದೆವು. ಚಳ್ಳಕೆರೆಯ ನನ್ನ ಮನೆಗೆ ಕಾಲಿಂಗ್ ಬೆಲ್ ಇದೆ. ದೆವ್ವ ಬಂದು ಬೆಲ್ ಒತ್ತುವುದಿಲ್ಲ ಎಂಬ ಧೈರ್ಯದ ಮೇಲೆ ನಾವೆಲ್ಲ ಮೊದಲ ಸದ್ದಿಗೇ ಓಡಿಹೋಗಿ ಬಾಗಿಲು ತೆಗೆಯುತ್ತೇವೆ. ಆ ಕಟ್ಟಳೆ ನನಗೆ ಮರೆತೇಹೋಗಿತ್ತು.

ನಾನು ಇದನ್ನೆಲ್ಲ ವಿವರಿಸಿದಾಗ ಆ ಹೆಣ್ಣುಮಗಳು ಜೋರಾಗಿ ನಕ್ಕಳು. ಆದರೆ ಹಗುರ ಮಾಡಿ ನಗಲಿಲ್ಲ. ಅವ್ವನ ಕುರ್ಚಿಯನ್ನು ಗಾಜಿನ ಕಡೆಗೆ ತಿರುಗಿಸಿ, ತನ್ನ ಕೈ ಕಾಣದಂತೆ ಯಂತ್ರಕ್ಕೆ ರಟ್ಟು ಅಡ್ಡ ಇಟ್ಟು, "ಅಜ್ಜಿ, ಇಲ್ಲಿ ಕರಿಯೋಳು ನಾನೇ. ಬೇರೆ ಯಾರೂ ಇಲ್ಲ. ಮೊದಲ್ನೇ ಕರೆಗೇ ಒತ್ತಬಹುದು" ಅಂದಳು.

"ನಿಮ್ದು ಯಾವೂರು ತಾಯಿ?" ಅಂದಳು ಅವ್ವ.

"ಹಿರಿಯೂರು ಕಡೆ ಅಜ್ಜಿ."

"ನಿಮ್ಮವ್ವ ಆರಾಮೈತಾ?"

"ಆರಾಮ್ ಇದ್ದಾರೆ."

"ಹಂಗಾದ್ರೆ ಸರಿ" ಎಂದು ಅವ್ವ ಹೆಡ್‌ಫೋನು ತಾನೇ ಹಾಕಿಕೊಂಡಳು. ಬಾಗಿಲು ಮುಚ್ಚಿತು. ಹಸಿರು ದೀಪ ಈಗ ಹತ್ತಲು ಶುರುವಾಯಿತು, ಸಣ್ಣ ಸಣ್ಣ ಸದ್ದಿಗೂ. ಆಮೇಲೆ ಸದ್ದು ತೆಳ್ಳಗೆ, ಕೀರಲಾಗುತ್ತ ಹೋದಂತೆ ಮತ್ತೆ ಹತ್ತಲಿಲ್ಲ. ಆ ಹೆಣ್ಣುಮಗಳು ಏರಿಸಿದಳು, ಇನ್ನೂ ಏರಿಸಿದಳು. ಈ ಸಲ ಅವ್ವನ ಹುಬ್ಬೂ ಏಳಲಿಲ್ಲ. ಗಾಜಿನ ಆಚೆ ಅವಳು ನಮ್ಮನ್ನೇ ನೋಡುತ್ತ, ಕರೆಗಾಗಿ ಕಾಯುತ್ತ, ಕೈಯಲ್ಲಿ ಬಟನ್ ಹಿಡಿದು ಕೂತಿದ್ದಳು. ಇತ್ತ ಸದ್ದು ಹೋಗುತ್ತಲೇ ಇತ್ತು. ಅದನ್ನು ನೋಡಲು ನನಗೆ ಕಷ್ಟವಾಯಿತು.

ಫಲಿತಾಂಶದ ಹಾಳೆಯಲ್ಲಿ ಒಂದು ಗೆರೆ. ಎಡಗಡೆ ಮೇಲೆ ಶುರುವಾಗಿ, ಬಲಕ್ಕೆ ಹೋಗುತ್ತ ನಮ್ಮ ಗುಡ್ಡದ ಕಾಲುದಾರಿಯ ಹಾಗೆ ಇಳಿದುಬಿಟ್ಟಿತ್ತು. ಆ ಹೆಣ್ಣುಮಗಳು ಅದರ ಮೇಲೆ ಬೆರಳಿಟ್ಟು ಹೇಳಿದಳು: "ದಪ್ಪ ಸದ್ದೆಲ್ಲ ಅಜ್ಜಿಗೆ ಚೆನ್ನಾಗಿ ಕೇಳುತ್ತೆ. ಬಸ್ಸು, ಗುಡುಗು, ಎಮ್ಮೆ. ಸಣ್ಣ, ತೆಳ್ಳಗಿನ ದನಿ ಹೋಗಿಬಿಟ್ಟಿದೆ. ಮಕ್ಕಳ ದನಿ, ಹಕ್ಕಿ, ಹೆಂಗಸರ ದನಿ. ಯಾರೋ ಏನೋ ಅಂದ್ರು ಅಂತ ಗೊತ್ತಾಗುತ್ತೆ. ಯಾರು, ಏನು ಅನ್ನೋದು ಗೊತ್ತಾಗಲ್ಲ. ನಾನು ಹೇಳಿದ ಪದ ಹೆಡ್‌ಫೋನಲ್ಲಿ ಕಿವಿ ಪಕ್ಕಾನೇ ಬಂತು, ಅದಕ್ಕೆ ಹಿಡಿದ್ರು. ನಿಮ್ಮ ದನೀನೂ ಅಂಥದ್ದೇ ಮೇಡಂ, ತೆಳು. ನೀವು ಕಿರುಚಿದಷ್ಟೂ ಅದು ಇನ್ನೂ ಮೇಲಕ್ಕೆ ಹೋಗುತ್ತೆ, ಅಜ್ಜಿಗೆ ಇನ್ನೂ ಕೇಳಲ್ಲ."

ತಮ್ಮನ ಹೆಂಡತಿಯ ಎಮ್ಮೆಯ ದೂರಿಗೆ ಹೀಗೆ ಉತ್ತರ ಸಿಕ್ಕಿತು. ಒಂದು ಕಿವಿಯೊಳಗೆ ಇಷ್ಟೆಲ್ಲ ದಾರಿಗಳಿರುತ್ತವೆ, ಒಂದು ಮುಚ್ಚಿ ಇನ್ನೊಂದು ತೆರೆದಿರಬಹುದು ಎಂಬುದನ್ನು ಆ ಗೆರೆ ನೋಡುತ್ತ ನೋಡುತ್ತ ನನ್ನ ತಲೆಗೆ ಇಳಿಸಿಕೊಂಡೆ. ಅವ್ವನ ಕಿವಿಗೆ ಸಂಜೆಯಾಗಿತ್ತು, ಅಷ್ಟೇ. ಹಾಡುಹಗಲಲ್ಲೂ ಅವಳಿಗೆ ಎಲ್ಲ ದನಿಗಳೂ ಗುಡ್ಡದ ಕಡೆಯಿಂದ ಬರುತ್ತಿದ್ದವು, ಮುಖವಿಲ್ಲದೆ.

ಕಿವಿಗೆ ಮಿಷನ್ ಹಾಕಿಸುವುದೆಂದಾಯಿತು. ಅದನ್ನು ಅವಳಿಗೆ ಹೊಂದಿಸಲು ಸ್ವಲ್ಪ ಹೊತ್ತು ಬೇಕಾಗಿತ್ತು. ಹೊರಗಿನ ಬೆಂಚಿನ ಮೇಲೆ ಅವಳನ್ನು ಕೂರಿಸಿ, ಎದುರು ಮುಖ ಕೊಟ್ಟು ಕೂತೆ.

"ಮನೇಲೂ ಹಂಗೇನಾ ಅವ್ವ? ಮೂರ್ನೇ ಕರೆಗೆ ಕಾಯ್ತಿದ್ಯಾ?"

"ಹೂಂ ಮತ್ತೆ. ಏನೋ ಅಂದಂಗಾಗ್ತಿತ್ತು. ಯಾರೋ ಏನೋ, ಬೇಕಾದೋರಾದ್ರೆ ಮೂರ್ನೇ ಸಲ ಕರೀತಾರೆ ಅಂತ ಕಾಯ್ತಿದ್ದೆ." ಸೆರಗಿನ ಅಂಚನ್ನು ಬೆರಳಲ್ಲಿ ಸುತ್ತುತ್ತ, ಯಾವ ದೂರೂ ಇಲ್ಲದೆ ಹೇಳಿದಳು: "ನೀವು ಯಾರೂ ಮೂರ್ನೇ ಸಲ ಕರೀತಿರ್ಲಿಲ್ಲ."

ಬಾಚಣಿಗೆ ಹಿಡಿದು ಎರಡು ಸಲ ಕರೆದು ತಿರುಗಿ ಹೋದ ಮಗು ಕಣ್ಣ ಮುಂದೆ ಬಂತು. ಬ್ಯಾಗು ಬಿಸಾಕುವ ನಾನೂ ಬಂದೆ. ನನಗೆ ತಡೆಯಲಾಗಲಿಲ್ಲ, ಅಲ್ಲೇ ಬೆಂಚಿನ ಮೇಲೆ ಅತ್ತೆ. ಅವ್ವ ಗಾಬರಿಯಾಗಿ, "ಏನಾತೇ? ಫೇಲಾ?" ಅಂದಳು.

ಅಳುತ್ತಲೇ ಕೇಳಿದೆ. "ಹಸು ಮಾರಿದ್ದಕ್ಕೆ ನಮ್ಮ ಮೇಲೆ ಸಿಟ್ಟಿರಲಿಲ್ವಾ?"

"ಸಿಟ್ಟು ಐತೆ" ಅಂದಳು ಅವ್ವ ತಕ್ಷಣ. "ಸಿಟ್ಟು ಯಾಕಿರಲ್ಲ? ಆ ಕೆಂದಿ ಹಸ ಮಾರಬಾರ್ದಿತ್ತು. ಸಿಟ್ಟಿದ್ರೆ ಮಕ್ಕಳು ಕರ್ದಾಗ ಓ ಅನ್ನಲ್ಲ ಅಂದ್ರೆ ಹೆಂಗೆ? ಅದು ಬೇರೆ, ಇದು ಬೇರೆ."

ಮಿಷನ್ ಬಂತು. ಶೇಂಗಾ ಬೀಜದಷ್ಟು ಇತ್ತು. ಕಿವಿಯ ಹಿಂದೆ ಕೂರಿಸಿ, ಎಳೆಯಂಥ ತಂತಿಯನ್ನು ಒಳಗೆ ಬಿಟ್ಟು, ಆ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಅವ್ವ ಬೆಚ್ಚಿದಳು. ಕೈ ಎತ್ತಿದಳು, ಎತ್ತಿದ ಕೈಯನ್ನೇ ನೋಡಿದಳು. ಮತ್ತೆ ಅಲ್ಲಾಡಿಸಿದಳು. ಬಳೆ. ಹಸಿರು ಗಾಜಿನ ಬಳೆಗಳನ್ನು ಕಿವಿಯ ಹತ್ತಿರ ತಂದು, ದೂರ ಒಯ್ದು, ಮತ್ತೆ ತಂದಳು. ಆಮೇಲೆ ಸೀರೆಯ ನೆರಿಗೆ ಮುಟ್ಟಿ, "ಇದೂ ಸದ್ದು ಮಾಡ್ತೈತಲ್ಲೇ!" ಅಂದಳು. ಅವಳ ಮುಖದಲ್ಲಿದ್ದ ಬೆರಗನ್ನು ನಾನು ನನ್ನ ಶಾಲೆಯ ಚಿಕ್ಕ ಮಕ್ಕಳಲ್ಲೂ ಕಂಡಿಲ್ಲ. ಅವಳು ನೋಡುತ್ತಿದ್ದದ್ದು ತನ್ನದೇ ಸೀರೆ, ತನ್ನದೇ ಕೈ. ನಾನು ಪಿಸುದನಿಯಲ್ಲಿ ಕರೆದೆ.

"ಅವ್ವಾ."

ಸರಕ್ಕನೆ ತಿರುಗಿದಳು. ನನ್ನ ಬಾಯನ್ನು ನೋಡಿದಳು, ಕಣ್ಣನ್ನು ನೋಡಿದಳು. "ಇದು ನಿನ್ನ ದನಿನಾ? ಎಷ್ಟು ಒಣಗೋಗೈತಲ್ಲೇ. ಆ ಮಕ್ಕಳ ಮುಂದೆ ಅಷ್ಟು ಕಿರುಚಬ್ಯಾಡ ಅಂತ ಎಷ್ಟು ಸಲ ಹೇಳೀನಿ?"

ನನ್ನ ದನಿಗೆ ವಯಸ್ಸಾದದ್ದನ್ನು ಮೊದಲು ಗುರುತಿಸಿದವಳು ಅವ್ವ. ನಾನು ನಗುತ್ತ ಅಳುತ್ತ ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದೆ. ಕೆಳಗೆ ರಸ್ತೆಯ ಗಲಾಟೆ ಒಮ್ಮೆಗೇ ಬಡಿದಾಗ ಅವಳು ಕಿವಿ ಮುಚ್ಚಿಕೊಂಡು, "ಅಬ್ಬಾ, ಚಳ್ಳಕೆರೆ ಇಷ್ಟು ಬಾಯಿ ಮಾಡ್ತೈತಾ" ಅಂದಳು. ಆದರೆ ಮಿಷನ್ ತೆಗೆಯಲು ಒಪ್ಪಲಿಲ್ಲ.

ಬಸ್ಸಿನಿಂದಲೇ ತಮ್ಮನ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮಿಷನ್ ಅಭ್ಯಾಸವಾಗುವವರೆಗೆ ಮನೆಯವರೆಲ್ಲ ಅವ್ವನನ್ನು ಮೂರು ಸಲ ಕರೆಯಬೇಕೆಂದು ತಾಕೀತು ಮಾಡಿದೆ. ಅವಳು "ಅಯ್ಯೋ ವದಿನಾ, ನಾನು ಎಮ್ಮೆ ಅಂತೆಲ್ಲ ಅಂದೆ" ಎಂದಳು. ನಾವು ಸಿದ್ದಾಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಅವ್ವ ಕಾಲಿಗೆ ನೀರು ಹಾಕಿಕೊಂಡವಳೇ ಹಿತ್ತಲಿಗೆ ಹೋಗಿ, ಖಾಲಿ ಬಿದ್ದಿದ್ದ ಗೋದಲಿಯ ಕಟ್ಟೆ ಮೇಲೆ ಗುಡ್ಡಕ್ಕೆ ಮುಖ ಮಾಡಿ ಕೂತಳು. ಗೂಡಿಗೆ ಮರಳುವ ಹಕ್ಕಿಗಳು ಕಿಚಪಿಚ ಅನ್ನುತ್ತಿದ್ದವು. ಅವಳು ತಲೆ ಎತ್ತಿ ಒಂದೊಂದನ್ನೇ ಹುಡುಕುತ್ತಿದ್ದಳು.

ಮಗು ಬಾಚಣಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬಂತು. ಅವರಮ್ಮ ಪಾಠ ಮಾಡಿಸಿಯೇ ಕಳಿಸಿದ್ದಳು. ನನ್ನ ಕಡೆ ನೋಡಿ, ತಪ್ಪಬಾರದೆಂದು ಒಂದು ಬೆರಳು ಎತ್ತಿ ಹಿಡಿದು ಕೂಗಿತು.

"ಅಜ್ಜೀ!"

"ಓ!"

ಮಗು ಬೆರಳು ಎತ್ತಿಕೊಂಡೇ ನಿಂತಿತು. ಎರಡನೇ ಬೆರಳನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. "ಇನ್ನೂ ಒಂದೇ ಸಲ ಕರ್ದಿರೋದು ಅಜ್ಜಿ" ಅಂದಿತು.

"ನೀನೇ ಅಂತ ಗೊತ್ತಾತಲ್ಲ, ಬಾರೇ" ಎಂದು ಅವ್ವ ಕಟ್ಟೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

ಮಗುವಿಗೆ ಖುಷಿ ತಡೆಯಲಾಗಲಿಲ್ಲ. ಕಟ್ಟೆ ಹತ್ತಿ ಅಜ್ಜಿಯ ಮುಂದೆ ಕೂತು, ಗುಡ್ಡದ ಕಡೆ ತಿರುಗಿ, ಸುಮ್ಮನೆ ಇನ್ನೊಮ್ಮೆ ಗಂಟಲು ಬಿಟ್ಟು ಅಜ್ಜೀ ಎಂದು ಕೂಗಿತು. ಬಂಡೆಗಳು ಅದನ್ನು ಹಾಗೇ ವಾಪಸ್ ಕೊಟ್ಟವು. ಅವ್ವ ತಲೆ ಎತ್ತಿ ಕೇಳಿಸಿಕೊಂಡಳು. ಅದಕ್ಕೆ ಓ ಅನ್ನಲಿಲ್ಲ. ಮಗುವಿನ ತಲೆಯನ್ನು ತನ್ನ ಕಡೆ ತಿರುಗಿಸಿಕೊಂಡು ಬೈತಲೆ ತೆಗೆಯತೊಡಗಿದಳು.